ಹಳಿ ದಿಬ್ಬದ ಒಣಹುಲ್ಲು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ರೈಲಣ್ಣ. ಹಾಗಂತ ರೈಲ್ವೆಯಲ್ಲಿ ನೌಕರಿಯೇನೂ ಇರಲಿಲ್ಲ. ಅವನದು ಕಟಿಂಗ್ ಅಂಗಡಿ. ಎರಡು ಕನ್ನಡಿ, ಎರಡು ಕುರ್ಚಿ. ಅದರಲ್ಲಿ ಒಂದು ಕುರ್ಚಿ ಏಳುವುದು ಇಳಿಯುವುದು ಮರೆತು ಎಷ್ಟೋ ವರ್ಷವಾಗಿತ್ತು. ಅದರ ಮೇಲೆ ಗಿರಾಕಿಗಳ ಬದಲು ಹಳೇ ಪೇಪರು ಕೂತಿರುತ್ತಿದ್ದವು. ಪರದೆ ಸರಿಸಿದರೆ ಹಿಂದೆ ಒಂದು ಕೋಣೆ. ಅಡ್ಡಹೆಸರು ಬಂದದ್ದು ಆ ಕೋಣೆಯಿಂದ.

ಮಗಳು ಚಿಕ್ಕವಳಿದ್ದಾಗ ಗಿರಾಕಿಯೊಬ್ಬರು ಮನೆ ಖಾಲಿ ಮಾಡುವಾಗ ಒಂದು ರಟ್ಟಿನ ಡಬ್ಬ ಕೊಟ್ಟು ಹೋಗಿದ್ದರು. ಅದರೊಳಗೆ ಅಂಗೈಯಗಲದ ಆಟದ ರೈಲೆಂಜಿನ್ನು, ನಾಲ್ಕು ಬೋಗಿ, ಸುತ್ತು ಬರುವಷ್ಟು ಹಳಿ. ಮಗಳಿಗೆ ಅದು ಎರಡು ದಿನದ ಆಟ, ಅಪ್ಪನಿಗೆ ಇಪ್ಪತ್ತು ವರ್ಷದ ಗೀಳು. ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಅವನು ಒಂದು ಪುಟ್ಟ ಸ್ಟೇಷನ್ನು, ಒಂದು ಗೇಟು, ಒಂದು ಸೇತುವೆ ಕಟ್ಟಿದ. ಆದರೆ ಅವನ ಜೀವ ಇದ್ದದ್ದು ರೈಲಿನಲ್ಲಲ್ಲ, ನೆಲದಲ್ಲಿ.

"ಎಂಜಿನ್ ಅಂಗಡೀಲಿ ಸಿಗುತ್ತೆ. ನೆಲ ಸಿಗಲ್ಲ. ಅದನ್ನ ನಾವೇ ಮಾಡ್ಕೋಬೇಕು" ಅನ್ನುತ್ತಿದ್ದ.

ಮಾಡಿಕೊಳ್ಳುವುದೇನು ಸುಲಭವೇ? ಮೊದಲು ಮಣ್ಣು ತಂದು ಹಳೇ ಕಾವಲಿಯ ಮೇಲೆ ಹುರಿಯಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ. ಆಮೇಲೆ ಟೀ ಸೋಸುವ ಜರಡಿಯಲ್ಲಿ ಮೂರು ಸಲ ಸೋಸಬೇಕು. ಬಡಗಿಗಳ ಬಿಳಿ ಅಂಟನ್ನು ನೀರಿಗೆ ಕಲಸಿ, ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಟ್ಟರೆ ಮಾತ್ರ ಅದು ಮಣ್ಣಿನೊಳಕ್ಕೆ ಇಳಿಯುತ್ತದೆ; ಸೋಪಿಲ್ಲದಿದ್ದರೆ ಮುತ್ತಿನ ಹಾಗೆ ಮೇಲೇ ಉರುಳುತ್ತದೆ. ಗರಗಸದಿಂದ ಉದುರಿದ ಮರದ ಪುಡಿಗೆ ಬಣ್ಣ ಹಾಕಿ ಹಸಿರು ಮಾಡಬೇಕು. ಪೊದೆಗಳಿಗೆ ಸ್ಪಂಜು ಪುಡಿಯಾಗಬೇಕು. ಆ ಸ್ಪಂಜನ್ನು ಅವನು ಒಮ್ಮೆ ಹೆಂಡತಿಯ ಮಿಕ್ಸಿಯಲ್ಲಿ ಹಾಕಿ ತಿರುಗಿಸಿದ್ದ. ಮಿಕ್ಸಿ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಹೆಂಡತಿ ಒಂದು ವಾರ ಅವನ ಜೊತೆ ಮಾತಾಡಲಿಲ್ಲ. ಎಂಟನೇ ದಿನ ಬಾಯಿ ಬಿಟ್ಟಾಗ, ಸುಮ್ಮನಿದ್ದ ವಾರವೇ ವಾಸಿಯಾಗಿತ್ತು ಅಂತ ಅವನಿಗೇ ಅನ್ನಿಸಿತು.

ವಾರದ ರಜೆಯ ದಿನ ಅವನು ನಿಜವಾದ ರೈಲು ಹಳಿಯ ಪಕ್ಕ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದ. ಗೇಟು ಕಾಯುವವನು ಒಮ್ಮೆ ಕರೆದು ಕೇಳಿದ್ದ.

"ಏನ್ ಕಳ್ಕೊಂಡ್ರಿ?"

"ಏನಿಲ್ಲ, ಹುಲ್ಲು ನೋಡ್ತಿದ್ದೀನಿ."

ಗೇಟಿನವನು ಅವನನ್ನು ಮೇಲಿಂದ ಕೆಳಗೆ ನೋಡಿ, ಪಾಪ ಅಂದುಕೊಂಡು ಸುಮ್ಮನಾಗಿದ್ದ.

ನೋಡಿ ನೋಡಿ ರೈಲಣ್ಣನಿಗೆ ಒಂದು ವಿಷಯ ತಿಳಿದಿತ್ತು. ಹುಲ್ಲು ಅಂದರೆ ಹಸಿರು ಅನ್ನುವುದು ನೋಡದವರ ಮಾತು. ನಲ್ಲಿಯ ಹತ್ತಿರ ಒಂದು ಬಣ್ಣ, ಜನ ತುಳಿಯುವ ಕಡೆ ಇನ್ನೊಂದು, ಎಣ್ಣೆ ಸೋರುವ ಕಡೆ ಮತ್ತೊಂದು. ಇದೆಲ್ಲ ಅವನ ಹಲಗೆಯ ಮೇಲೆ ಬಂದಿತ್ತು. ಬರದೇ ಉಳಿದದ್ದು ಒಂದೇ: ಸೇತುವೆಯ ಆಚೆ ಹಳಿ ಏರುವ ದಿಬ್ಬದ ಇಳಿಜಾರಿನಲ್ಲಿ ಬಿಸಿಲಿಗೆ ಬೆಂದು, ಗಾಳಿಗೆ ಒಂದೇ ಕಡೆ ಬಾಗಿ ನಿಂತ ಒಣಹುಲ್ಲು. ಸೆಣಬಿನ ಹಗ್ಗ ಬಿಚ್ಚಿ ಕತ್ತರಿಸಿ ಅಂಟಿಸಿದ. ಬಟ್ಟೆ ಉಜ್ಜುವ ಬ್ರಷ್ಷಿನ ಹಾಗಾಯಿತು. ಪೊರಕೆ ಕಡ್ಡಿ ಸೀಳಿದ. ಅದು ಪೊರಕೆಯ ಹಾಗೇ ಕಂಡಿತು. ಮೂರು ಸಲ ಅಂಟಿಸಿ ಮೂರು ಸಲ ಕೆರೆದು ತೆಗೆದ.

ಕೂದಲು ಅವನಿಗೆ ಹೊಳೆದಿರಲಿಲ್ಲವೇ ಅಂದರೆ, ಹೊಳೆದಿತ್ತು. ದಿನವಿಡೀ ಕಾಲಡಿಯಲ್ಲಿ ಬೀಳುವ ವಸ್ತು. ಆದರೆ ಪರದೆಯ ಈಚೆಯ ಕೂದಲು ಆಚೆ ಹೋಗಕೂಡದು ಅಂತ ಅವನೇ ತನಗೆ ಹಾಕಿಕೊಂಡ ಕಟ್ಟಳೆ. ಆ ಕೋಣೆಗೆ ಹೋಗುವ ಮುಂಚೆ ಅಂಗಿ ಕೊಡವಿ, ಕೈ ತೊಳೆದು ಹೋಗುತ್ತಿದ್ದ. ಬೇರೆಯವರ ಮೈಯಿಂದ ಬಿದ್ದದ್ದು ತನ್ನ ಆಟದ ಸಾಮಾನಾಗಬಾರದು ಅನ್ನುವ ಒಂದು ಅಳುಕು.

ಹೀಗಿರುವಾಗ ಒಂದು ಬೆಳಗ್ಗೆ ಟೀಚರಮ್ಮನ ತಂಗಿ ಅಂಗಡಿಯ ಬಾಗಿಲಲ್ಲಿ ಬಂದು ನಿಂತರು. ಒಳಗೆ ಬರಲಿಲ್ಲ.

"ಮನೆಗೆ ಬರೋಕಾಗುತ್ತಾ? ಅಕ್ಕನಿಗೆ... ಟ್ರೀಟ್‌ಮೆಂಟ್ ಶುರುವಾಗಿದೆ. ಕೂದಲು ಉದುರ್ತಿದೆ. ಪೂರ್ತಿ ತೆಗೆಸಿಬಿಡ್ತೀನಿ ಅಂತಿದ್ದಾಳೆ."

ಟೀಚರಮ್ಮ ಅಂದರೆ ಆ ಬೀದಿಯ ಅರ್ಧಕ್ಕರ್ಧ ಜನಕ್ಕೆ ಅಕ್ಷರ ಕಲಿಸಿದವರು. ರೈಲಣ್ಣನ ಮಗಳಿಗೆ ಓದು ತಲೆಗೆ ಹತ್ತದೆ ಎಲ್ಲರೂ ಕೈಬಿಟ್ಟಾಗ, ಒಂದು ವರ್ಷ ದಿನಾ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದವರು. ಆ ಮಗಳು ಈಗ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ನರ್ಸು.

ಅವನು ಹೊಸ ಬ್ಲೇಡು, ಒಗೆದ ಬಟ್ಟೆ ತೆಗೆದುಕೊಂಡು ಹೋದ. ಟೀಚರಮ್ಮ ಕಿಟಕಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಸೊಂಟದವರೆಗಿನ ಜಡೆಯನ್ನು ತಾವೇ ಬಿಗಿಯಾಗಿ ಹೆಣೆದು, ಎರಡೂ ತುದಿಗೆ ಕಪ್ಪು ದಾರ ಕಟ್ಟಿದ್ದರು.

"ಕನ್ನಡಿ ತಂದಿದ್ದೀಯಾ?"

"ಹೂಂ ಟೀಚರಮ್ಮ."

"ಚೀಲದೊಳಗೇ ಇರಲಿ."

ಅವನು ಜಡೆಯನ್ನು ಬುಡದಲ್ಲಿ ಹಿಡಿದು ಕತ್ತರಿಸಿದ. ಉಳಿದದ್ದನ್ನು ನುಣ್ಣಗೆ ತೆಗೆದು, ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿದ. ಅವರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಜಡೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸವರಿ, ಅವನ ಕೈಗೆ ಕೊಟ್ಟರು.

"ಕಸಕ್ಕೆ ಹಾಕಬೇಡಪ್ಪ. ಯಾರ ಕಾಲಿಗೂ ಸಿಕ್ಕೋದು ಬೇಡ. ಎಲ್ಲಾದ್ರೂ ಒಂದು ಮರದ ಬುಡದಲ್ಲಿ ಮಣ್ಣಿಗೆ ಹಾಕಿಬಿಡು. ನನ್ನ ತಂಗಿಗೆ ಕೊಟ್ರೆ ಇಟ್ಕೊಂಡು ಅಳ್ತಾಳೆ. ನಿನಗಾದ್ರೆ ಇದು ದಿನದ ಕೆಲಸ."

"ಹಾಗೇ ಆಗಲಿ ಟೀಚರಮ್ಮ" ಅಂದ. ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಅವತ್ತು ಅಂಗಡಿಯಲ್ಲಿ ಜನ ಇದ್ದರು. ಜಡೆಯಿದ್ದ ಕಾಗದದ ಪೊಟ್ಟಣವನ್ನು ಕಪಾಟಿನ ಮೇಲಿಟ್ಟ. ನಾಳೆ ಹೂತರಾಯಿತು ಅಂದುಕೊಂಡ. ನಾಳೆ ನಾಡಿದ್ದಾಯಿತು, ನಾಡಿದ್ದು ಆಚೆ ವಾರವಾಯಿತು. ಟೀಚರಮ್ಮನನ್ನು ಆಗಲೇ ದೊಡ್ಡಾಸ್ಪತ್ರೆ ಇರುವ ಊರಿಗೆ ಕರೆದುಕೊಂಡು ಹೋಗಿದ್ದರು. ತಿಂಗಳುಗಟ್ಟಲೆ ಬರುವುದಿಲ್ಲ ಅಂತ ಸುದ್ದಿ.

ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಕಪಾಟು ಒರೆಸುವಾಗ ಪೊಟ್ಟಣ ಕೆಳಗೆ ಬಿದ್ದು ಬಿಚ್ಚಿಕೊಂಡಿತು. ಗಾಜಿನ ಬಾಗಿಲಿಂದ ಬಿಸಿಲು ನೇರವಾಗಿ ಜಡೆಯ ಮೇಲೆ ಬಿದ್ದಿತ್ತು. ಬುಡದಲ್ಲಿ ಬಿಳಿ, ನಡುವೆ ಬೂದಿ, ತುದಿಗೆ ಬಂದರೆ ಬಿಸಿಲಿಗೆ ಕೆಂಚಗಾದ ಕಂದು. ಅವನು ಕೂತಲ್ಲೇ ಕೂತುಬಿಟ್ಟ. ಇಪ್ಪತ್ತು ವರ್ಷ ಹಳಿಯ ಪಕ್ಕ ತಲೆ ತಗ್ಗಿಸಿ ಹುಡುಕಿದ ಬಣ್ಣ ಕಾಲ ಬುಡದಲ್ಲಿ ಬಿದ್ದಿತ್ತು.

ಒಂದು ಚಿಟಿಕೆ ತೆಗೆದು ನೋಡುತ್ತೇನೆ, ಅಷ್ಟೇ, ಉಳಿದದ್ದು ಸಂಜೆ ಹೂಳುತ್ತೇನೆ ಅಂತ ತನಗೆ ತಾನೇ ಹೇಳಿಕೊಂಡ. ಶಾಂಪೂ ಹಾಕಿ ತೊಳೆದು ಎಣ್ಣೆ ತೆಗೆದು, ಒಣಗಿಸಿ, ಅಕ್ಕಿ ಕಾಳಿನಷ್ಟುದ್ದ ಕತ್ತರಿಸಿದ. ದಿಬ್ಬಕ್ಕೆ ಅಂಟು ಬಳಿದು ಉದುರಿಸಿದ. ಆಮೇಲೆ ಪ್ಲಾಸ್ಟಿಕ್ ಬಾಚಣಿಗೆಯನ್ನು ಉಣ್ಣೆ ಬಟ್ಟೆಗೆ ಚೆನ್ನಾಗಿ ಉಜ್ಜಿ ಮೇಲೆ ಹಿಡಿದ. ಮಲಗಿದ್ದ ಕೂದಲುಗಳು ಒಂದೊಂದಾಗಿ ಎದ್ದು ನಿಂತವು. ಬಾಯಲ್ಲಿ ಮೆತ್ತಗೆ ಊದಿದ. ಎಲ್ಲವೂ ಒಂದೇ ಕಡೆ ಬಾಗಿದವು. ಬೆರಳಗಲದ ಜಾಗ, ಆದರೆ ಅದು ನಿಜವಾದ ನೆಲ. ಕಣ್ಣು ಹತ್ತಿರ ತಂದರೆ ಬಿಸಿಲಿನ ವಾಸನೆ ಬರಬೇಕು, ಹಾಗಿತ್ತು.

ಚಿಟಿಕೆ ಹಿಡಿಯಾಯಿತು, ಹಿಡಿ ಅರ್ಧ ಜಡೆಯಾಯಿತು. ಹತ್ತು ಹನ್ನೆರಡು ಮಧ್ಯಾಹ್ನ ಹಿಡಿದ ಕೆಲಸ. ಮನಸ್ಸು ಚುಚ್ಚಿದಾಗಲೆಲ್ಲ ಅವನೊಂದು ಸಮಾಧಾನ ಇಟ್ಟುಕೊಂಡಿದ್ದ: ಮಣ್ಣಿಗೆ ಹಾಕು ಅಂದಿದ್ದರು, ನಾನೂ ಮಣ್ಣಿಗೇ ತಾನೆ ಹಾಕುತ್ತಿರುವುದು! ಕಳ್ಳನಿಗೊಂದು ಪಿಳ್ಳೆ ನೆವ. ಆ ನೆವದ ಮೇಲೆ ಇಡೀ ದಿಬ್ಬ ಎದ್ದು ನಿಂತಿತು. ಉಳಿದ ಗೇಣುದ್ದದ ಜಡೆಯನ್ನು, ಕಪ್ಪು ದಾರದ ಸಮೇತ, ಅವನು ಅಂಟಿನ ಡಬ್ಬಗಳ ಹಿಂದೆ ತುರುಕಿದ. ಅದನ್ನಾದರೂ ಹೂತನೇ ಅಂದರೆ, ಅದೂ ಇಲ್ಲ.

ಆರು ತಿಂಗಳಾದ ಮೇಲೆ ಗ್ರಂಥಾಲಯದ ಹಾಲ್‌ನಲ್ಲಿ ಹವ್ಯಾಸಗಳ ಪ್ರದರ್ಶನ ಇಟ್ಟರು. ಅಂಚೆಚೀಟಿಯವರು, ಬೆಂಕಿಕಡ್ಡಿಯ ಮನೆಯವರು, ಹಳೇ ರೇಡಿಯೋದವರು ಎಲ್ಲ ಇದ್ದರೂ ಜನ ಮುತ್ತಿಕೊಂಡದ್ದು ರೈಲಣ್ಣನ ಹಲಗೆಯನ್ನು. ನಿವೃತ್ತ ಎಂಜಿನ್ ಡ್ರೈವರೊಬ್ಬರು ಕನ್ನಡಕ ಹಣೆಗೇರಿಸಿ, ಬಗ್ಗಿ, ದಿಬ್ಬವನ್ನೇ ನೋಡಿ ಹೇಳಿದರು:

"ಒಂದು ಕಿಡಿ ಬಿದ್ರೆ ಹೊತ್ಕೊಂಡು ಉರಿಯುತ್ತೆ ಕಣಯ್ಯ ಈ ಹುಲ್ಲು! ಯಾವುದ್ರಲ್ಲಿ ಮಾಡಿದೆ?"

"ಸೆಣಬು" ಅಂದ ರೈಲಣ್ಣ. ಮಾತು ಎಷ್ಟು ಸಲೀಸಾಗಿ ಬಂತು ಅಂದರೆ ಅವನಿಗೇ ಆಶ್ಚರ್ಯವಾಯಿತು.

"ಸೆಣಬಾ? ಭೇಷ್!"

ಎರಡನೇ ದಿನ ಸಂಜೆ ಜನರ ನಡುವೆ ದಾರಿ ಮಾಡಿಕೊಂಡು ಇಬ್ಬರು ಹೆಂಗಸರು ಬಂದರು. ಮುಂದಿದ್ದವರು ತೆಳ್ಳಗಾಗಿದ್ದರು, ತಲೆಗೆ ಸ್ಕಾರ್ಫ್ ಕಟ್ಟಿದ್ದರು. ನಗು ನೋಡಿ ಗುರುತು ಹಿಡಿದ.

"ಟೀಚರಮ್ಮ! ಯಾವಾಗ ಬಂದ್ರಿ?"

"ಮೊನ್ನೆ. ಸಾಯಲಿಲ್ಲ ಕಣಪ್ಪ, ಯಮನಿಗೂ ನನ್ನ ಕ್ಲಾಸು ಬೇಡ ಅನ್ನಿಸಿರಬೇಕು" ಅಂದು ಅವರು ನಕ್ಕರು. ಸ್ಕಾರ್ಫ್ ಸರಿಸಿ ತೋರಿಸಿದರು. ಒಂದಿಂಚು ಹೊಸ ಕೂದಲು. "ನೋಡು, ನಿನಗೆ ಮತ್ತೆ ಕೆಲಸ ಕೊಡ್ತೀನಿ."

ಆಮೇಲೆ ಹಲಗೆಯ ಕಡೆ ತಿರುಗಿದರು. ಸ್ಟೇಷನ್ನು, ಗೇಟು, ಸೇತುವೆ ಎಲ್ಲ ನೋಡುತ್ತ ಬಂದು ದಿಬ್ಬದ ಹತ್ತಿರ ನಿಂತರು.

"ಅಯ್ಯೋ, ಈ ಹುಲ್ಲು! ನಾವು ಚಿಕ್ಕವರಿದ್ದಾಗ ಸ್ಕೂಲಿಗೆ ಹೋಗೋ ದಾರೀಲಿ ಹೀಗೇ ಇರ್ತಿತ್ತು, ಅಲ್ವೇನೇ?" ಅಂತ ತಂಗಿಯನ್ನು ಕೇಳಿದರು. ಯಾರೂ ಮುಟ್ಟಬಾರದು ಅಂತ ಬೋರ್ಡು ಇಟ್ಟಿದ್ದರೂ, ತೋರುಬೆರಳ ತುದಿಯಿಂದ ದಿಬ್ಬವನ್ನು ಒಂದು ಸಲ ಸವರಿದರು. ಮಗುವಿನ ತಲೆ ಸವರಿದ ಹಾಗೆ. "ಎಷ್ಟು ಮೆತ್ತಗಿದೆ! ಏನಿದು?"

ರೈಲಣ್ಣ ಬಗ್ಗಿ ಸ್ಟೇಷನ್ನಿನ ಮೇಲಿನ ಧೂಳು ಊದತೊಡಗಿದ. ಪಕ್ಕದಲ್ಲಿದ್ದ ಬೆಂಕಿಕಡ್ಡಿಯವನೇ ಉತ್ತರ ಕೊಟ್ಟ: "ಸೆಣಬಂತೆ ಟೀಚರ್. ನೆನ್ನೆಯಿಂದ ಎಲ್ಲರೂ ಅದನ್ನೇ ಕೇಳ್ತಿದ್ದಾರೆ."

"ಸೆಣಬಾ?" ಅವರು ರೈಲಣ್ಣನ ಮುಖ ನೋಡಿದರು. ಅವನು ಹೌದೆಂದು ತಲೆಯಾಡಿಸಿದ.

ಹೊರಡುವ ಮುಂಚೆ ಟೀಚರಮ್ಮ ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಒಂದು ಕೇಳ್ತೀನಿ, ನಗಬೇಡ. ನನ್ನ ಜಡೆ ಎಲ್ಲಿ ಹಾಕಿದೆ? ಆಸ್ಪತ್ರೇಲಿ ಅದೇ ಯೋಚನೆ. ನಂದೊಂದು ಪಾಲು ಆಗಲೇ ಹೋಗಿ ಮಣ್ಣು ಸೇರಿದೆ, ಉಳಿದಿದ್ದು ನಿಧಾನಕ್ಕೆ ಬರಲಿ ಬಿಡು ಅಂತ ಹೇಳ್ಕೊಂಡು ಧೈರ್ಯ ತಂದ್ಕೋತಿದ್ದೆ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಆ ಜಡೆ ಗಾಳಿಗೆ ಬಾಗಿದ ಹುಲ್ಲಾಗಿ ನಿಂತಿತ್ತು, ಅದರ ಸುತ್ತ ಜನ ನಿಂತು ಅವನನ್ನು ಹೊಗಳುತ್ತಿದ್ದರು.

"ನೀರಿನ ಟ್ಯಾಂಕಿನ ಹತ್ರ ದೊಡ್ಡ ಮರ ಇದೆಯಲ್ಲ," ಅಂದ, "ಅದರ ಬುಡದಲ್ಲಿ."

"ಒಳ್ಳೇ ಜಾಗ" ಅಂದರು ಟೀಚರಮ್ಮ. ಕಣ್ಣು ತುಂಬಿತ್ತು.

ಅವತ್ತಿನಿಂದ ರೈಲಣ್ಣನಿಗೆ ಊಟ ಸೇರಲಿಲ್ಲ. ಮೊದಲ ಬಹುಮಾನದ ಪದಕ ಕೊಟ್ಟರು. ಮನೆಗೆ ಬಂದವನೇ ಅದನ್ನು ಬಟ್ಟೆಯ ಮಧ್ಯೆ ಮಡಚಿಟ್ಟ. ವಾರ ಕಳೆಯುವುದರೊಳಗೆ ಟೀಚರಮ್ಮನ ತಂಗಿ ಅಂಗಡಿಯ ಮುಂದೆ ಹಾದುಹೋಗುತ್ತ ನಿಂತು ಹೇಳಿದರು: "ಅಕ್ಕ ದಿನಾ ಸಾಯಂಕಾಲ ಆ ಟ್ಯಾಂಕಿನ ಮರದ ಹತ್ರ ವಾಕಿಂಗ್ ಹೋಗ್ತಾಳೆ. ಆಸ್ಪತ್ರೇಲಿದ್ದಾಗ ರೂಮಿನಿಂದ ಹೊರಗೆ ಕಾಲಿಡ್ತಿರಲಿಲ್ಲ. ನಿಮ್ಮಿಂದ ಒಳ್ಳೇದಾಯ್ತು."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವತ್ತು ಗಿರಾಕಿಯ ಕಿವಿಯ ತುದಿಗೆ ಕತ್ತರಿ ತಾಗಿಸಿ ರಕ್ತ ಬರಿಸಿದ. ಸಂಜೆ ತಡೆಯಲಾರದೆ ಟ್ಯಾಂಕಿನ ಕಡೆ ನಡೆದ. ಗೋಡೆಯ ಮರೆಯಿಂದ ನೋಡಿದ. ಟೀಚರಮ್ಮ ಮರದ ಬುಡದ ಕಲ್ಲಿನ ಮೇಲೆ ಕೂತು, ತುಟಿ ಅಲ್ಲಾಡಿಸುತ್ತ ನೆಲಕ್ಕೆ ಏನೋ ಹೇಳುತ್ತಿದ್ದರು. ಅವನು ಕಳ್ಳನ ಹಾಗೆ ಹಿಂದಕ್ಕೆ ಬಂದ. ಅಲ್ಲಿ ಕಡ್ಡಿಯಷ್ಟೂ ಏನೂ ಇಲ್ಲ ಅನ್ನುವುದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಬಹಳ ದಿನ ಒಬ್ಬನಿಗೇ ಆಗಿ ಉಳಿಯಲಿಲ್ಲ. ಗಂಡ ಕೋಣೆಯ ಕಡೆ ತಲೆಹಾಕುತ್ತಿಲ್ಲ ಅಂತ ಹೆಂಡತಿ ಕಸ ಗುಡಿಸಲು ಹೋದವಳು, ಅಂಟಿನ ಡಬ್ಬಗಳ ಹಿಂದಿನಿಂದ ಕಪ್ಪು ದಾರದ ಜಡೆಯ ತುಂಡನ್ನು ಎತ್ತಿಕೊಂಡು ಬಂದಳು. ದಿಬ್ಬವನ್ನೂ ನೋಡಿದ್ದಳು. ಅವಳದು ಹೊಲಿಗೆಯ ಕಣ್ಣು, ನೂಲಿನ ಬಣ್ಣ ತಪ್ಪುವವಳಲ್ಲ.

"ಏನ್ರೀ ಇದು?"

ಅವನು ಅದನ್ನು ಇಸಿದುಕೊಳ್ಳಲು ಕೈ ಚಾಚಿದ.

"ಟೀಚರಮ್ಮನದಲ್ವಾ? ನಮ್ಮ ಮಗಳಿಗೆ ಅಕ್ಷರ ಹಾಕ್ಕೊಟ್ಟವರದು?" ಅವಳು ಕೂಗಾಡಲಿಲ್ಲ. ಮಿಕ್ಸಿಗೆ ಕೂಗಾಡಿದವಳು ಇದಕ್ಕೆ ದನಿಯನ್ನೇ ಎತ್ತಲಿಲ್ಲ. "ಕೇಳಿದ್ರೆ ಕೊಡ್ತಿದ್ರೋ ಏನೋ. ಕೇಳೋಕ್ಕೇನಾಗಿತ್ತು ನಿಮಗೆ?"

ಅದನ್ನೇ ಅವನು ರಾತ್ರಿ ಹಗಲು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಕೇಳಿದ್ದರೆ ಬೇಡ ಅನ್ನುತ್ತಾರೇನೋ ಅನ್ನುವ ಭಯ, ಅಷ್ಟೇ. ಬೇಡ ಅನ್ನುವ ಹಕ್ಕು ಅವರಿಗೆ ಸಿಗದ ಹಾಗೆ ಮಾಡಿದ್ದ.

ಮರುದಿನ ಅಂಗಡಿ ತೆರೆಯಲಿಲ್ಲ. ಚಾಕು ಹಿಡಿದು ದಿಬ್ಬ ಕೆರೆಯಲು ಕೂತ. ಕೂದಲನ್ನಷ್ಟೇ ಬಿಡಿಸಿ ತೆಗೆಯಬೇಕು ಅಂತ ಆಸೆ. ಆದರೆ ತನ್ನ ಅಂಟು ಎಂಥದ್ದು ಅಂತ ಅವನಿಗೇ ಗೊತ್ತಿರಲಿಲ್ಲವೇ? ಕೂದಲು, ಮಣ್ಣು, ಗರಗಸದ ಪುಡಿ ಎಲ್ಲ ಕಲೆತು ಹೆಂಟೆ ಹೆಂಟೆಯಾಗಿ ಬಂತು. ಬಿಸಿನೀರಲ್ಲಿ ನೆನೆಸಿದ; ಕೆಸರಾಯಿತು. ಕೊನೆಗೆ ಆ ಹೆಂಟೆಗಳನ್ನೂ, ಉಳಿದ ಜಡೆಯನ್ನೂ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿಕೊಂಡು ಟೀಚರಮ್ಮನ ಮನೆಯ ಬಾಗಿಲು ತಟ್ಟಿದ.

ತೆಗೆದದ್ದು ಅವರೇ. "ಬಾಪ್ಪ, ಕೂತ್ಕೋ. ಟೀ ಮಾಡಲಾ?"

"ಬೇಡ ಟೀಚರಮ್ಮ. ಮೊದಲು ನನ್ನ ಮಾತು ಕೇಳಿ."

ನಿಂತೇ ಹೇಳಿದ. ಸೆಣಬಲ್ಲ ಅಂದ. ಟ್ಯಾಂಕಿನ ಮರದ ಬುಡದಲ್ಲಿ ಏನೂ ಇಲ್ಲ ಅಂದ. ಹೇಗೆ ತೊಳೆದೆ, ಹೇಗೆ ಕತ್ತರಿಸಿದೆ ಅನ್ನುವುದನ್ನೂ ಬಿಡದೆ ಹೇಳಿದ, ಬಿಟ್ಟರೆ ಅದೂ ಇನ್ನೊಂದು ಸುಳ್ಳಾಗುತ್ತದೆ ಅನ್ನಿಸಿತು. ಡಬ್ಬವನ್ನು ಮೇಜಿನ ಮೇಲಿಟ್ಟ.

ಟೀಚರಮ್ಮ ಮುಚ್ಚಳ ತೆಗೆದು ನೋಡಿದರು. ಒಂದು ಹೆಂಟೆ ಎತ್ತಿ ಬೆರಳಲ್ಲಿ ತಿರುಗಿಸಿದರು. ಅಂಟಿಕೊಂಡಿದ್ದ ಒಂದೆಳೆಯನ್ನು ಉಗುರಿನಿಂದ ಬಿಡಿಸಲು ನೋಡಿದರು.

"ಹುಲ್ಲು ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ," ಅಂದರು ಕೊನೆಗೆ. "ಚೆನ್ನಾಗಿತ್ತು ಅಂತ ನಾನೇ ಹೇಳಿದ್ನಲ್ಲ. ಕೇಳಿದ್ರೆ ಏನು ಹೇಳ್ತಿದ್ನೋ ಗೊತ್ತಿಲ್ಲ. ಆದ್ರೆ ಆ ಮರದ ಕೆಳಗೆ ಕೂತ್ಕೊಂಡು ನಾನು ಏನೇನೆಲ್ಲ ಮಾತಾಡಿದ್ದೀನಿ ಗೊತ್ತಾ ನಿನಗೆ? ನನ್ನ ತಂಗಿ ಹತ್ರ ಹೇಳದೇ ಇರೋದು. ಬರೀ ಮಣ್ಣಿಗೆ ಹೇಳಿದ್ದೀನಿ. ನನ್ನನ್ನ ಹುಚ್ಚಿ ಮಾಡಿದೆಯಲ್ಲಪ್ಪ."

"ತಪ್ಪಾಯ್ತು ಟೀಚರಮ್ಮ."

"ಆಯ್ತು. ತಪ್ಪಾಯ್ತು. ಈಗ ಹೋಗು."

ಅವರ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಡಬ್ಬವನ್ನು ಅವರು ಏನು ಮಾಡಿದರು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಮುಖ ಅವನಿಗಿಲ್ಲ.

ಪದಕವನ್ನು ಗ್ರಂಥಾಲಯಕ್ಕೆ ವಾಪಸು ಕೊಟ್ಟ. ಯಾಕೆ ಅಂತ ಕೇಳಿದವರಿಗೆ, "ಸೆಣಬು ಅಂದಿದ್ದು ಸುಳ್ಳು" ಅಂದ. ಮತ್ತೇನು ಅಂತ ಕೇಳಿದರೆ ಹೇಳಲಿಲ್ಲ, ಅದು ಟೀಚರಮ್ಮನ ವಿಷಯ. ಅಲ್ಲಿದ್ದವರು, ಇವನ ತಲೆ ಹಳಿ ತಪ್ಪಿದೆ ಅಂತ ನಕ್ಕರು. ದಿಬ್ಬವನ್ನು ಬರೀ ಮಣ್ಣಾಗಿಯೇ ಬಿಟ್ಟ. ರೈಲು ಓಡಿಸುವುದು ಪೂರ್ತಿ ನಿಲ್ಲಲಿಲ್ಲ, ಆದರೆ ದಿಬ್ಬದ ಕಡೆ ಬಂದಾಗ ಅವನ ಕಣ್ಣು ತಾನಾಗಿ ಬೇರೆ ಕಡೆ ಹೋಗುತ್ತಿತ್ತು. ಬೀದಿಯಲ್ಲಿ ಟೀಚರಮ್ಮ ಎದುರಾದರೆ ಪಕ್ಕದ ಓಣಿಗೆ ತಿರುಗುತ್ತಿದ್ದ. ಅವರು ಟ್ಯಾಂಕಿನ ಕಡೆ ಹೋಗುವುದನ್ನು ನಿಲ್ಲಿಸಿದರು ಅಂತ ಹೆಂಡತಿ ಹೇಳಿದಳು. ಅದನ್ನು ಕೇಳಿದ ದಿನ ಅವನು ಅರ್ಧ ಊಟಕ್ಕೇ ಎದ್ದ.

ನಾಲ್ಕು ತಿಂಗಳಾಗಿರಬೇಕು. ಒಂದು ಬೆಳಗ್ಗೆ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಟೀಚರಮ್ಮ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಸ್ಕಾರ್ಫ್ ಇರಲಿಲ್ಲ. ಕಿವಿ ಮುಚ್ಚುವಷ್ಟು ಬೆಳ್ಳಗಿನ ಗುಂಗುರು ಕೂದಲು. ಕುರ್ಚಿಯ ಮೇಲೆ ಕೂತು, ಕನ್ನಡಿಯಲ್ಲಿ ತಮ್ಮನ್ನು ತಾವೇ ನೇರವಾಗಿ ನೋಡಿಕೊಂಡರು.

"ಹಿಂದೆ ಸ್ವಲ್ಪ ಸಮ ಮಾಡು. ಕುತ್ತಿಗೆಗೆ ಚುಚ್ಚುತ್ತೆ."

ಅವನು ಬಟ್ಟೆ ಹೊದಿಸಿ ಕತ್ತರಿ ಹಿಡಿದ. ಕೆಲಸ ಮುಗಿಸಿ, ಬ್ರಷ್ಷಿನಿಂದ ಕುತ್ತಿಗೆ ಒರೆಸಿ, ಹಿಂದೆ ಸರಿದು ನಿಂತ.

"ಪೊರಕೆ ಎಲ್ಲಿದೆ?" ಅಂದರು.

"ನಾನು ಗುಡಿಸ್ತೀನಿ ಟೀಚರಮ್ಮ, ನೀವು ಯಾಕೆ—"

"ಎಲ್ಲಿದೆ ಅಂತ ಕೇಳಿದೆ."

ತೋರಿಸಿದ. ಅವರು ಬಗ್ಗಿ, ಕುರ್ಚಿಯ ಸುತ್ತ ಬಿದ್ದ ಬಿಳಿ ಕೂದಲನ್ನು ಒಂದೆಳೆ ಬಿಡದೆ ಗುಡಿಸಿ, ಕೈಚೀಲದಿಂದ ಒಂದು ಕಾಗದ ತೆಗೆದು ಅದರಲ್ಲಿ ಕಟ್ಟಿಕೊಂಡರು. ಅವನು ಬಾಚಣಿಗೆ ಹಿಡಿದುಕೊಂಡು, ಬೈಸಿಕೊಂಡ ಮಗುವಿನ ಹಾಗೆ, ಗೋಡೆಗೆ ಒರಗಿ ನಿಂತಿದ್ದ. ಬಾಗಿಲ ಹತ್ತಿರ ಹೋಗಿ ಅವರು ತಿರುಗಿದರು.

"ಮಗಳು ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ ಟೀಚರಮ್ಮ."

"ಕೇಳ್ದೆ ಅಂತ ಹೇಳು."

ಅಲ್ಲಿಂದೀಚೆಗೆ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಮಗಳ ಸುದ್ದಿ ಕೇಳುತ್ತಾರೆ, ಒಮ್ಮೊಮ್ಮೆ ಏನಾದರೂ ಹೇಳಿ ನಗಿಸುತ್ತಾರೆ ಕೂಡ. ಆದರೆ ಕಸ ಮಾತ್ರ ತಾವೇ ಗುಡಿಸುತ್ತಾರೆ. ಬೇರೆ ಗಿರಾಕಿಗಳು ಇದ್ದಾಗ, "ಇದೇನ್ ರೈಲಣ್ಣ, ಟೀಚರ್ ಕೈಲಿ ಕಸ ಹೊಡೆಸ್ತೀಯಾ?" ಅಂತ ಯಾರಾದರೂ ಕೇಳುವುದುಂಟು. ಅವನು ಅವರ ಪೊರಕೆ ಸಲೀಸಾಗಿ ಆಡಲಿ ಅಂತ ಕಾಲು ತೆಗೆದು ಪಕ್ಕಕ್ಕೆ ನಿಲ್ಲುತ್ತಾನೆ.